ಬಾಸಿನ ಸೊಂಟದ ಬಿಲ್ಲೆ

ಗಂಡಸಿನ ಯೋಗ್ಯತೆಯನ್ನು ಅವನ ಸೊಂಟ ನೋಡಿ ಅಳೆಯಬೇಕೆಂದು ನಾನು ಕಲಿತದ್ದು ಡಾಟ್‌ಕಾಮ್ ಕಂಪನಿಗಳು ನಾಯಿಕೊಡೆಗಳಂತೆ ಎದ್ದ ವರ್ಷಗಳಲ್ಲಿ. ನಮ್ಮ ಆಫೀಸಿನಲ್ಲಿ ಪೇಜರು ಸಿಕ್ಕಿಸಿಕೊಂಡವನು ಸಾಮಾನ್ಯ, ಪಕ್ಕದಲ್ಲಿ ಸೆಲ್‌ಫೋನೂ ಇದ್ದವನು ಗಣ್ಯ. ನನ್ನ ಸೊಂಟದಲ್ಲಿ ಬಾಗಿಲು ತೆರೆಯುವ ಬ್ಯಾಡ್ಜು ಮಾತ್ರ ನೇತಾಡುತ್ತಿತ್ತು. ಇವನ್ನೆಲ್ಲ ಒಂದೇ ದಿನದಲ್ಲಿ ಕಸ ಮಾಡಿದವನು ನಮ್ಮ ಬಾಸ್ ಗ್ರೆಗ್. ಷೇರು ಏರಿದ ಖುಷಿಗೆ ಇಂಟರ್ನೆಟ್ ಹರಾಜಿನಲ್ಲಿ ಅಂಗೈಯಗಲದ ಒಂದು ಹಿತ್ತಾಳೆ ಬಿಲ್ಲೆ ಕೊಂಡ. ಎದುರುಬದುರು ಕೂತ ಎರಡು ಹಕ್ಕಿ, ಸುತ್ತ ಬಳ್ಳಿ, ಕೆಳಗಿನ ಅಂಚಿನಲ್ಲಿ ಮೂರು ತೂತು. ಮಧ್ಯಯುಗದ ಯುರೋಪಿನ ಯಾವನೋ ಸಾಮಂತನ ನಡುಪಟ್ಟಿಯದಂತೆ. ಅದನ್ನು ಬೆಲ್ಟಿಗೆ ಕೂರಿಸಿಕೊಂಡು ಹೊಟ್ಟೆ ಮುಂದೆ ಮಾಡಿ ಮೀಟಿಂಗಿಗೆ ಬರತೊಡಗಿದ.

ಬಂದವನು ಸುಮ್ಮನಿರಬೇಕಲ್ಲ! ಆ ಕಾಲದಲ್ಲಿ ಇಂಥದ್ದನ್ನು ಕಂಡಕಂಡವರು ಹಾಕುವ ಹಾಗಿರಲಿಲ್ಲವೆಂದೂ, ಚಿನ್ನದ ನೀರು ಕುಡಿಸಿದ್ದು ದೊರೆಗಳಿಗೆ, ತವರ ಸೀಸದ್ದು ಬಡಪಾಯಿಗಳಿಗೆ ಎಂದೂ, ಈ ತೂತುಗಳಲ್ಲಿ ಮುತ್ತು ತೂಗುತ್ತಿದ್ದವೆಂದೂ ದಿನಾ ಪಾಠ. ನಾನು ದಿನಾ "ವಾವ್" ಅನ್ನುತ್ತಿದ್ದೆ. ಅನ್ನದೆ ಏನು ಮಾಡಲಿ? ನನ್ನ ಗ್ರೀನ್ ಕಾರ್ಡಿನ ಅರ್ಜಿ ಅವನ ಮೇಜಿನ ಮೇಲೆ ಸಹಿಗಾಗಿ ಆರು ತಿಂಗಳಿಂದ ಕೊಳೆಯುತ್ತಿತ್ತು. ಮನೆಯಲ್ಲಿ ಹೆಂಡತಿ "ಇವತ್ತಾದ್ರೂ ಕೇಳಿದ್ರಾ?" ಅನ್ನುವಳು. "ಮೂಡು ನೋಡಿ ಕೇಳ್ಬೇಕು ಕಣೇ" ಅನ್ನುವೆ. ಹೇಡಿತನಕ್ಕೆ ನಾನಿಟ್ಟ ಹೆಸರು ಅದು.

ಒಂದು ಶನಿವಾರ ಗ್ರೆಗ್ ನಮ್ಮನ್ನೆಲ್ಲ ಲಾಸ್ ಆಲ್ಟೋಸಿನ ತನ್ನ ಮನೆಗೆ ಊಟಕ್ಕೆ ಕರೆದ. ಮಂಡ್ಯದ ಹಳ್ಳಿಯಿಂದ ಆಗಷ್ಟೇ ಬಂದಿದ್ದ ನಮ್ಮ ಅತ್ತೆಯವರನ್ನೂ, ಏಳು ವರ್ಷದ ಮಗಳನ್ನೂ ಕಾರಿಗೆ ಹತ್ತಿಸಿಕೊಂಡು ನಾವಿದ್ದ ಡಬ್ಲಿನ್‌ನಿಂದ ಹೊರಟೆವು. ಇವತ್ತು ಸಹಿ ಕೇಳಿಯೇ ತೀರುತ್ತೇನೆಂದು ಫ್ರೀವೇ ಉದ್ದಕ್ಕೂ ಇಂಗ್ಲಿಷಿನಲ್ಲಿ ವಾಕ್ಯ ಜೋಡಿಸಿಕೊಂಡಿದ್ದೆ. ಗ್ರೆಗ್ ಬಾಗಿಲಲ್ಲೇ ನಿಂತಿದ್ದ, ಬಿಲ್ಲೆ ಸಮೇತ. ಅತ್ತೆಯವರು ಕೈ ಮುಗಿದವರು ಹಾಗೆಯೇ ಬಗ್ಗಿ ಅವನ ಸೊಂಟವನ್ನೇ ನೋಡಿದರು. "ಅಯ್ಯೋ ಶಿವನೇ! ಅಳಿಯಂದ್ರೇ, ಇದು ಎತ್ತಿನ ಕತ್ತಿಗೆ ಕಟ್ಟೋ ಬಿಲ್ಲೆ ಅಲ್ವಾ? ಸಂಕ್ರಾಂತಿಗೆ ನಮ್ಮನೇಲಿ ಕಟ್ತೀವಲ್ಲ, ಅದೇಯ! ಆ ತೂತು ಗೆಜ್ಜೆ ಕಟ್ಟಾಕೆ. ಈವಯ್ಯ ಯಾಕೆ ಸೊಂಟಕ್ಕೆ ಸಿಗಾಕ್ಕೊಂಡವ್ನೆ?"

ಏನಂದರು ಎಂದು ಗ್ರೆಗ್ ಬಾಯಿ ತುಂಬ ನಗುತ್ತ ಕೇಳಿದ. ನಮ್ಮ ಊರಿನಲ್ಲೂ ಇದನ್ನು ಬಹಳ ಗೌರವಸ್ಥರಿಗೆ ಮಾತ್ರ, ಅದೂ ಹಬ್ಬದ ದಿನ, ಪೂಜೆ ಮಾಡಿ ತೊಡಿಸುತ್ತಾರೆ ಅಂದೆ. ಎಷ್ಟು ಅಚ್ಚುಕಟ್ಟಾದ ಸತ್ಯ ನೋಡಿ! ನನ್ನ ಬೆನ್ನು ನಾನೇ ತಟ್ಟಿಕೊಳ್ಳುವಷ್ಟರಲ್ಲಿ, ಕನ್ನಡ ಎಲ್ಲ ಅರ್ಥವಾದರೂ ಒಂದಕ್ಷರ ಮಾತಾಡದ ನನ್ನ ಮಗಳು ಕೂಗಿದಳು: "ನೋ ಅಪ್ಪಾ! ಅಜ್ಜಿ ಸೆಡ್ ಇಟ್ಸ್ ಫಾರ್ ಎ ಕೌ!" ಎತ್ತಿಗೆ ಇಂಗ್ಲಿಷಿನಲ್ಲಿ ಏನನ್ನುತ್ತಾರೆಂದು ಗೊತ್ತಿಲ್ಲದೆ ಪಾಪ, ಸಾಮಂತನನ್ನು ಹಸುವಿಗೇ ಇಳಿಸಿಬಿಟ್ಟಳು. ಗ್ರೆಗ್‌ನ ಮುಖ ಕೆಂಪಾಯಿತು. ಆಮೇಲೆ ಜೋರಾಗಿ ನಕ್ಕ. ಆ ನಗು ನನಗೆ ಇನ್ನೂ ಹೆದರಿಕೆ ಹುಟ್ಟಿಸಿತು. ಸಹಿಯ ಮಾತೆತ್ತದೆಯೇ ಊಟ ಮುಗಿಸಿದೆ. ವಾಪಸು ಬರುವಾಗ ಕಾರಿನಲ್ಲಿ ಹೆಂಡತಿ "ಮೂಡು ನೋಡಿದ್ರಾ?" ಅಂದಳು. ಅತ್ತೆಯವರು ಮಾತ್ರ "ಒಳ್ಳೆ ಮನ್ಸ, ಪಾಪ" ಎಂದು ನಿದ್ದೆ ಹೋದರು.

ಸೋಮವಾರ ಗ್ರೆಗ್ ಕರೆದ. ಗಂಟುಮೂಟೆ ಕಟ್ಟುವುದೇ ಅಂದುಕೊಂಡು ಹೋದೆ. ಅವನು ಎಲ್ಲರ ಎದುರಿಗೆ ಬಿಲ್ಲೆ ಬಿಚ್ಚಿ, ಇನ್ನು ಮೇಲೆ ಇದು ಕಂಪನಿಯಲ್ಲಿ ಅತಿ ಹೆಚ್ಚು ದುಡಿಯುವವನಿಗೆ ಬಹುಮಾನ ಎಂದು ನನ್ನ ಸೊಂಟಕ್ಕೆ ಸಿಕ್ಕಿಸಿದ. ಚಪ್ಪಾಳೆಯೋ ಚಪ್ಪಾಳೆ. ಜೊತೆಗೆ ಅರ್ಜಿಗೂ ಸಹಿ ಹಾಕಿ ಕೊಟ್ಟ! ಕುಣಿಯುತ್ತ ಮನೆಗೆ ಬಂದೆ. ಸಹಿ ಬಿದ್ದ ಮೇಲೆ ಕಾರ್ಡು ಕೈಗೆ ಬರುವ ತನಕ ವರ್ಷಗಟ್ಟಲೆ ಆ ಕಂಪನಿ ಬಿಟ್ಟು ಕದಲುವಂತಿಲ್ಲ ಎಂಬುದನ್ನು ಹೆಂಡತಿಯೇ ನೆನಪಿಸಬೇಕಾಯಿತು.

ಅತ್ತೆಯವರು ಬಿಲ್ಲೆಯನ್ನು ಹುಣಸೆಹಣ್ಣು ಹಚ್ಚಿ ಫಳಫಳ ಬೆಳಗಿಕೊಟ್ಟರು. ಮಗಳು ತನ್ನ ಹಳೆಯ ಕಾಲ್ಗೆಜ್ಜೆಯಿಂದ ಮೂರು ಗೆಜ್ಜೆ ಬಿಚ್ಚಿ ಆ ತೂತುಗಳಿಗೆ ಕಟ್ಟಿದಳು. ಆಫೀಸಿನಲ್ಲಿ ಎಲ್ಲರಿಗೂ ಅದು ಹಿಡಿಸಿತು, ಗ್ರೆಗ್‌ಗಂತೂ ಬಹಳ. ನಾನು ಕುರ್ಚಿ ಬಿಟ್ಟೆದ್ದರೆ ಸಾಕು, ಅವನಿಗೆ ತನ್ನ ಕೋಣೆಯಲ್ಲಿ ಕೂತಲ್ಲೇ ಗೊತ್ತಾಗುತ್ತಿತ್ತು.