ಜಂಬಮ್ಮನ ಹುಂಜ, ಗುಲ್ಷನ್‌ಬೀಯ ಕೋಳಿ

ಜಂಬಮ್ಮನ ಹುಂಜದ ಕುತ್ತಿಗೆಯಲ್ಲಿ ಒಂದೇ ಒಂದು ಪುಕ್ಕ ಇರಲಿಲ್ಲ. ಹುಟ್ಟಿನಿಂದಲೇ ಹಾಗೆ. ತಲೆಯಿಂದ ಎದೆಯ ತನಕ ಕೆಂಪಗೆ ಬೋಳು, ಅಲ್ಲಿಂದಾಚೆ ಮೈತುಂಬ ಪುಕ್ಕ. ಹುಂಜಕ್ಕೆ ಅದರಿಂದ ಯಾವ ತೊಂದರೆಯೂ ಇರಲಿಲ್ಲ. ಮಸ್ಕಿಯ ಆ ಓಣಿಯಲ್ಲಿ ಅದು ಗೌಡನ ಗತ್ತಿನಲ್ಲೇ ತಿರುಗುತ್ತಿತ್ತು. ತೊಂದರೆಯಾದದ್ದು ಸಿಂಧನೂರಿನ ಆಸೀಮನಿಗೆ. ಪಾಪ, ಅವನು ಆ ಹುಂಜದ ಮುಖವನ್ನೂ ಕಂಡವನಲ್ಲ.

ಆಸೀಮ ಸಿಂಧನೂರಿನ ಒಂದು ಕಾಲೇಜಿನಲ್ಲಿ ಜೀವಶಾಸ್ತ್ರ ಕಲಿಸುವ ಅತಿಥಿ ಉಪನ್ಯಾಸಕ. ಬೀಡಿ ಇಲ್ಲ, ಇಸ್ಪೀಟು ಇಲ್ಲ, ಕೆಟ್ಟ ಚಟ ಅಂದರೆ ಮೆಂಡಲ್ ಒಂದೇ. ಬಟಾಣಿ ಗಿಡ ಬೆಳೆಸಿ, ಅಪ್ಪ ಅವ್ವನ ಯಾವ ಗುಣ ಮಕ್ಕಳಲ್ಲಿ ಹೇಗೆ ಇಳಿಯುತ್ತದೆಂದು ಲೆಕ್ಕ ಕಟ್ಟಿದ ಆ ಪಾದ್ರಿಯ ಮಾತು ತೆಗೆಯದಿದ್ದರೆ ಇವನಿಗೆ ಉಂಡ ಅನ್ನ ಕರಗುತ್ತಿರಲಿಲ್ಲ. ಲಿಂಗಸುಗೂರಿನಲ್ಲಿ ಮೊದಲ ಹೆಣ್ಣು ನೋಡಲು ಹೋದಾಗ ಹುಡುಗಿಯ ಅಪ್ಪನ ಬೋಳುತಲೆ ನೋಡಿ, ಈ ಬೋಳು ಮಗಳ ಕಡೆಯಿಂದಲೂ ಮೊಮ್ಮಕ್ಕಳಿಗೆ ಇಳಿಯಬಹುದೆಂದು ವಿವರಿಸಿದ್ದ. ಒಳಗೆ ಕುದಿಯುತ್ತಿದ್ದ ಚಹಾ ಹೊರಗೆ ಬರಲೇ ಇಲ್ಲ. ಎರಡನೆಯ ಮನೆಯಲ್ಲಿ ಏನಾಯಿತು ಅಂತ ಕೇಳಬೇಡಿ.

ಇದು ಮೂರನೆಯದು, ಮತ್ತು ಈ ಸಲ ಆಸೀಮನಿಗೆ ಹುಡುಗಿ ನಿಜಕ್ಕೂ ಬೇಕಾಗಿದ್ದಳು. ಮುಕ್ಕುಂದದ ಒಂದು ಮದುವೆಯಲ್ಲಿ ಊಟಕ್ಕೆ ಅನ್ನ ಸಾಲದೆ ಗಂಡಸರೆಲ್ಲ ಬಾಯಿಬಾಯಿ ಬಡಕೊಳ್ಳುತ್ತಿದ್ದಾಗ, ಫಿರ್ದೋಸ್ ಸೆರಗು ಸಿಕ್ಕಿಸಿಕೊಂಡು ನಗುನಗುತ್ತಲೇ ಇನ್ನೊಂದು ಹಂಡೆ ಒಲೆಗೇರಿಸಿದ್ದನ್ನು ಅವನು ಕಂಡಿದ್ದ. ಅವತ್ತಿನಿಂದ ಅವನ ನಿದ್ದೆ ಕೆಟ್ಟಿತ್ತು. ಹುಡುಗಿ ಬಿ.ಎಸ್ಸಿ. ಓದಿದವಳು, ಮಸ್ಕಿಯಲ್ಲಿ ಮಕ್ಕಳಿಗೆ ಟ್ಯೂಷನ್ ಹೇಳುತ್ತಿದ್ದಳು. ಅಪ್ಪ ಇಲ್ಲದ ಮನೆ. ಹೂಂ ಅನ್ನಬೇಕಾದವಳು ತಾಯಿ ಗುಲ್ಷನ್‌ಬೀ.

ಬಸ್ಸಿನ ದಾರಿಯುದ್ದಕ್ಕೂ ಮಾಮು ಮುಕ್ತಿಯಾರ್ ತಾಕೀತು ಮಾಡುತ್ತ ಬಂದರು. ತಂಗಿಯ ಮಗನಿಗೆ ಒಂದು ಹೆಣ್ಣು ಗಂಟು ಹಾಕುವುದರಲ್ಲಿ ಅವರ ಎರಡು ಜೋಡಿ ಚಪ್ಪಲಿ ಸವೆದಿದ್ದವು. "ನೋಡಪಾ, ಇವತ್ತು ಬಾಯಾಗ ಮೆಂಡಲ್ ಬಂದ್ರ ನಾ ಅಲ್ಲೇ ಎದ್ದು ನಮ್ಮೂರು ಸಂತೆಕಲ್ಲೂರಿನ ಆಟೋ ಹತ್ತತೀನಿ," ಎಂದರು. ಆಸೀಮ ಹೊಸ ಜುಬ್ಬಾದ ಮೇಲೆ ಕೈಯಿಟ್ಟು ಆಣೆ ಮಾಡಿದ. ಜುಬ್ಬಾಕ್ಕೆ ಅರ್ಧ ಸೀಸೆ ಅತ್ತರು ಬಿದ್ದಿತ್ತು.

ಆಣೆ ಗುಲ್ಷನ್‌ಬೀಯ ಅಂಗಳದ ತನಕ ಗಟ್ಟಿಯಿತ್ತು. ಶೇಂಗಾ, ಒಣದ್ರಾಕ್ಷಿಯ ತಟ್ಟೆ ಬಂತು. ಗುಲ್ಷನ್‌ಬೀ ಪ್ರೀತಿಯಿಂದಲೇ ಮಾತಾಡಿಸಿದಳು. ಅಷ್ಟರಲ್ಲಿ ಪಕ್ಕದ ಮನೆಯ ಜಂಬಮ್ಮ ಮೋಟುಗೋಡೆಯ ಮೇಲೆ ಮೊಣಕೈ ಊರಿ ನಿಂತಳು.

"ಗುಲ್ಷನಕ್ಕ, ನಿನ್ನ ಕೋಳಿ ತತ್ತಿ ಒಡದ್ವೇನು? ನನ್ನವು ನಿನ್ನೆ ಸಂಜೀಕ ಒಡದಾವ. ಹುಂಜದ ಪಾಲು ತಗದಿಡು ಮತ್ತ."

ಆ ಓಣಿಯಲ್ಲಿ ಒಂದು ಕಟ್ಟಳೆ ಇತ್ತು. ಯಾರ ಮನೆಯ ಹುಂಜ ಕೂಡಿ ಮರಿಯಾಗುತ್ತವೋ ಆ ಮನೆಗೆ ಒಂದು ಮರಿ ಕೊಡಬೇಕು. ಗುಲ್ಷನ್‌ಬೀಯ ಮುಖ ಕೆಂಪಾಯಿತು. ತನ್ನ ಕೋಳಿ ಅಂಗಳ ದಾಟಿದ್ದೇ ಇಲ್ಲ, ತನ್ನ ಮನೆಯಲ್ಲೇ ಒಳ್ಳೆಯ ಹುಂಜ ಇದೆ, ಆ ಬೋಳನ ನೆರಳೂ ತನ್ನ ಕೋಳಿಯ ಮೇಲೆ ಬಿದ್ದಿಲ್ಲ ಎಂದಳು. ಮಗಳ ನಡತೆಯ ಬಗ್ಗೆ ಕೂಡ ಅವಳು ಬೀಗರ ಮುಂದೆ ಅಷ್ಟು ಖಡಕ್ಕಾಗಿ ಹೇಳಿರಲಿಲ್ಲ. ಜಂಬಮ್ಮ ಬಿಡುವವಳೇ? ಮಟಮಟ ಮಧ್ಯಾಹ್ನ ತಾನೇ ಕಣ್ಣಾರೆ ಕಂಡಿದ್ದೇನೆ ಎಂದಳು.

ಮಾಮು ಆಸೀಮನ ಕಾಲು ತುಳಿದರು. ಆಸೀಮ ತುಟಿ ಕಚ್ಚಿದ. ಮತ್ತೆ ತುಳಿದರು. ಆದರೆ ಹುಂಜ, ಕೋಳಿ, ಮರಿ ಅಂತ ಮೂರೂ ಮಾತು ಒಟ್ಟಿಗೆ ಬಂದ ಮೇಲೆ ಆ ಮನುಷ್ಯ ಎಷ್ಟು ಅಂತ ತಡೆದುಕೊಂಡಾನು?

"ಖಾಲಾ, ಇದಕ್ಕ ಜಗಳ ಯಾಕ್ರಿ? ಇದಕ್ಕೊಂದು ಲೆಕ್ಕ ಐತಿ," ಎಂದ.

ಮಾಮು ಕಣ್ಣು ಮುಚ್ಚಿಕೊಂಡರು.

ಆಸೀಮ ತಟ್ಟೆ ಎಳೆದುಕೊಂಡ. ಶೇಂಗಾ ಅಂದರೆ ಪುಕ್ಕದ ಗುಣ, ದ್ರಾಕ್ಷಿ ಅಂದರೆ ಬೋಳಿನ ಗುಣ. ಪ್ರತಿ ಮರಿಗೂ ಅಪ್ಪನಿಂದ ಒಂದು, ಅವ್ವನಿಂದ ಒಂದು. ಬೋಳು ಅನ್ನುವುದು ಜೋರಿನ ಗುಣ, ಒಂದೇ ಒಂದು ದ್ರಾಕ್ಷಿ ಬಂದರೂ ಕುತ್ತಿಗೆ ಬೋಳಾಗಿ ಎದ್ದು ಕಾಣುತ್ತದೆ, ಅಡಗಿ ಕೂಡುವ ಜಾತಿಯಲ್ಲ. ಖಾಲಾನ ಕೋಳಿಗೂ ಪುಕ್ಕ, ಹುಂಜಕ್ಕೂ ಪುಕ್ಕ. ಅಂದರೆ ಇಬ್ಬರ ಹತ್ತಿರವೂ ಬರೀ ಶೇಂಗಾ. ಶೇಂಗಾ ಶೇಂಗಾ ಕೂಡಿದರೆ ದ್ರಾಕ್ಷಿ ಎಲ್ಲಿಂದ ಬರಬೇಕು? ಬೋಳು ಮರಿ ಬಂದರೆ ಅದು ಜಂಬಮ್ಮನ ಹುಂಜದ್ದು, ಆದರೆ ಖಾಲಾ ಅಷ್ಟು ಹೇಳಿದ ಮೇಲೆ ಅದು ಬರುವುದೇ ಇಲ್ಲ. ಹೀಗೆ ಹೇಳುತ್ತ ತಟ್ಟೆಯಲ್ಲಿ ನಾಲ್ಕು ಮನೆ ಹಾಕಿ ತುಂಬಿದ. ಮಾಮು ತಲೆಬಿಸಿಯಲ್ಲಿ ಜಂಬಮ್ಮನ ಹುಂಜದ ಪಾಲಿನ ದ್ರಾಕ್ಷಿಯನ್ನೆಲ್ಲ ತಿಂದು ಮುಗಿಸಿದರು.

ಗುಲ್ಷನ್‌ಬೀಗೆ ಲೆಕ್ಕ ಅರ್ಥವಾಗಲಿಲ್ಲ, ತೀರ್ಪು ಮಾತ್ರ ಚೆನ್ನಾಗಿ ಅರ್ಥವಾಯಿತು. "ಕೇಳಿದೇನು ಜಂಬಕ್ಕ, ಕಾಲೇಜಿನ ಮಾಸ್ತರ ಹೇಳಾಕತ್ತಾನ," ಎಂದಳು. ಆಸೀಮ ಉಬ್ಬಿಹೋದ. ಅದೇ ಹೊತ್ತಿಗೆ ಶರಬತ್ತು ತಂದ ಫಿರ್ದೋಸ್, ನೆಲ ನೋಡುತ್ತಲೇ ಒಂದು ಮಾತು ಕೇಳಿದಳು.

"ಅಕಸ್ಮಾತ್ ಬೋಳು ಮರಿ ಬಂದ್ರ ಏನ್ ಮಾಡ್ತೀರಿ?"

"ಬೋಳು ಮರಿ ಒಂದು ಬಂದ್ರೂ ನಾ ಈ ಮನಿ ಅಳಿಯ ಅಲ್ರಿ," ಅಂದುಬಿಟ್ಟ.

ಮಾಮುವಿನ ಗಂಟಲಲ್ಲಿ ಕೊನೆಯ ದ್ರಾಕ್ಷಿ ಸಿಕ್ಕಿತು. ಫಿರ್ದೋಸ್ "ಹೌದ್ರಿ" ಎಂದಷ್ಟೇ ಹೇಳಿ, ಊಟಕ್ಕೆ ಮೊಸರು ಬೇಕೆಂದು ಬಟ್ಟಲು ಹಿಡಿದು ಜಂಬಮ್ಮನ ಮನೆಗೆ ಹೋದಳು.

ಸ್ವಲ್ಪ ಹೊತ್ತಿಗೆ ಒಳಗಿನಿಂದ ಕಿಚಕಿಚ ಸದ್ದು ಕೇಳಿತು. ಗುಲ್ಷನ್‌ಬೀಯ ಕೈ ಬಗಾರಾ ಅನ್ನದಲ್ಲಿತ್ತು. ನೀನೇ ತಿಳಿದವನು, ಹಿಂದಿನ ಕೋಣೆಯಲ್ಲಿ ಕಾವಿಗೆ ಕೂತ ಕೋಳಿಯನ್ನು ಒಂದಿಷ್ಟು ನೋಡು ಎಂದು ಆಸೀಮನನ್ನೇ ಕಳಿಸಿದಳು. ಅಳಿಯನಿಗೆ ಕೊಡುವ ಮರ್ಯಾದೆ ಇದು ಎಂದು ಆಸೀಮ ಖುಷಿಯಿಂದ ಹೋಗಿ ಬುಟ್ಟಿಯ ಮುಂದೆ ಕುಕ್ಕರುಗಾಲಲ್ಲಿ ಕೂತ. ಕೋಳಿ ಎರಡು ಸಲ ಕೈ ಕುಕ್ಕಿತು, ಮೂರನೆಯ ಸಲ ಮೂಗು. ಹೇಗೋ ಅದರ ರೆಕ್ಕೆ ಎತ್ತಿ ನೋಡಿದ. ಒದ್ದೆಮುದ್ದೆಯಾಗಿ ಮೈ ನಡುಗಿಸುತ್ತ ಹೊಸ ಮರಿಗಳು. ಎಲ್ಲಕ್ಕೂ ಕುತ್ತಿಗೆ ತುಂಬ ನವಿರು. ಅವುಗಳ ನಡುವೆ ಒಂದು ಮಾತ್ರ ಒಣಗಿದ ಹತ್ತಿಯಂತೆ ಮೈಯರಳಿಸಿ, ಕೆಂಪು ಬೋಳುಗುತ್ತಿಗೆ ನಿಗುರಿಸಿ ಅವನ ಮುಖವನ್ನೇ ನೋಡುತ್ತಿತ್ತು.

ಮೆಂಡಲ್ ಹೋದ, ಮಾತು ಹೋಯಿತು, ಫಿರ್ದೋಸ್ ಹೋದಳು. ಆ ಕ್ಷಣ ಅವನಿಗೆ ಅಳುವೇ ಬಂತು. ಹೊರಗೆ ಗುಲ್ಷನ್‌ಬೀಯ ಹೆಜ್ಜೆ ಸದ್ದು. ಮುಂದಿನ ಕೆಲಸವನ್ನು ಅವನ ತಲೆ ಮಾಡಲಿಲ್ಲ, ಕೈಯೇ ಮಾಡಿತು. ಮರಿ ಜುಬ್ಬಾದ ಕಿಸೆಗೆ ಬಿತ್ತು.

"ಎಲ್ಲಾ ಪುಕ್ಕದವ ಅದಾವ ಖಾಲಾ," ಎಂದ, ದನಿ ಮಾತ್ರ ಯಾರದೋ ಬೇರೆಯವರದಾಗಿತ್ತು.

ಗುಲ್ಷನ್‌ಬೀ ಬಗ್ಗಿ ನೋಡಿ ಹಿಗ್ಗಿದಳು. ಎಲ್ಲರೂ ಊಟಕ್ಕೆ ಕೂತರು. ಮೊದಲ ತುತ್ತಿಗೇ ಕಿಸೆ ಕಿಚ್ ಎಂದಿತು. ಆಸೀಮ ಕೆಮ್ಮಿದ. ಎರಡನೆಯ ತುತ್ತಿಗೆ ಮತ್ತೆ ಕಿಚ್, ಮತ್ತೆ ಕೆಮ್ಮು. ಗುಲ್ಷನ್‌ಬೀ ನೀರು ಕೊಟ್ಟಳು. ಮಾಮು ಬೆನ್ನಿಗೆ ಗುದ್ದಿದರು, ಅದರಲ್ಲಿ ಅರ್ಧ ಗುದ್ದು ಬೆಳಗಿನ ಸಿಟ್ಟಿನದು. ಏನದು ಸದ್ದು ಎಂದು ಕೇಳಿದ್ದಕ್ಕೆ ಆಸೀಮ ಫೋನು ಎಂದ. ಹಾಗಾದರೆ ಎತ್ತಿ ಮಾತಾಡಪ್ಪ, ಪಾಪ ಆಗಿನಿಂದ ಒದರುತ್ತಿದೆ ಎಂದಳು ಗುಲ್ಷನ್‌ಬೀ. ಇನ್ನೊಂದು ಕಿಸೆಯಿಂದ ಫೋನು ತೆಗೆದು ಕಿವಿಗಿಟ್ಟು, ಪ್ರಿನ್ಸಿಪಾಲರೆಂದು ಹೇಳಿ, ಆ ಕಡೆ ಯಾರೂ ಇಲ್ಲದ ಫೋನಿನಲ್ಲಿ ಮಾತಾಡಿದ. ಮಾತಿನ ನಡುವೆ ಈ ಕಿಸೆ ಮತ್ತೆ ಕಿಚ್ ಎಂದಿತು. ಎದುರು ಗೋಡೆಗೆ ಒರಗಿ ನಿಂತಿದ್ದ ಫಿರ್ದೋಸ್ ಮುಸುಕು ಎಳೆದು ಬಾಯಿಗೆ ಒತ್ತಿಕೊಂಡಳು. ನಾಚಿಕೆ ಇರಬೇಕು ಎಂದುಕೊಂಡ ಆಸೀಮ. ಪ್ರೀತಿಯಲ್ಲಿ ಬಿದ್ದವನಿಗೆ ಎಲ್ಲ ಹಾಗೇ ಕಾಣುತ್ತದೆ.

ಊಟ ಮುಗಿಯುವಷ್ಟರಲ್ಲಿ ಜಂಬಮ್ಮ ಬಂದಳು. ಬುಟ್ಟಿ ನೋಡಿದಳು, ಒಂದೊಂದೇ ಮರಿಯ ಕುತ್ತಿಗೆ ಸವರಿದಳು. ಕೊನೆಗೆ, ಆತವ್ವ, ನಾ ಸೋತೆ, ನನ್ನ ಹುಂಜದ್ದಲ್ಲ ಎಂದು ಒಪ್ಪಿಕೊಂಡಳು. ಗುಲ್ಷನ್‌ಬೀಯ ಸಂಭ್ರಮ ಹೇಳತೀರದು. ಸಕ್ಕರೆ ಡಬ್ಬಿಯನ್ನೇ ತಂದಳು. "ನನ್ನ ಕೋಳಿ ಮಾನ ಉಳಿಸಿದಾವ ನನ್ನ ಮಗಳ್ನ ಚೆಂದ ಇಟ್ಕೋತಾನ," ಎಂದು ಆಸೀಮನ ಬಾಯಿಯ ತನಕ ಸಕ್ಕರೆ ಒಯ್ದಳು. ಮಾಮುವಿನ ಕಣ್ಣಲ್ಲಿ ನೀರೇ ಬಂತು.

"ಅಮ್ಮಾ, ಒಂದ್ ನಿಮಿಷ," ಎಂದಳು ಫಿರ್ದೋಸ್. "ಜಂಬವ್ವ, ಮೊಸರಿಗೆ ಬಂದಾಗ ನಿನ್ನ ಮರಿ ಒಂದು ಕೇಳಿ ತಂದಿದ್ನೆಲ್ಲ. ನಮ್ಮ ಬುಟ್ಯಾಗ ಬಿಟ್ಟಿದ್ದೆ. ಈಗ ಅಲ್ಲಿಲ್ಲ. ಕರೀ ನೋಡೋಣು."

ಜಂಬಮ್ಮ ನಾಲಿಗೆ ಲೊಚಗುಟ್ಟಿ ಕರೆದಳು. ಅತ್ತರಿನಲ್ಲಿ ಮಿಂದ ಬೋಳುಗುತ್ತಿಗೆಯೊಂದು ಆಸೀಮನ ಕಿಸೆಯಿಂದ ಮೇಲೆದ್ದು, ಎಲ್ಲರನ್ನೂ ಒಮ್ಮೆ ನೋಡಿ, ಕಿಚ್ ಎಂದಿತು.

ಗುಲ್ಷನ್‌ಬೀಯ ಕೈಯಲ್ಲಿದ್ದ ಸಕ್ಕರೆ ವಾಪಸು ಡಬ್ಬಿಗೆ ಹೋಯಿತು. ಮೊದಲು ಎಚ್ಚೆತ್ತವರು ಮಾಮು. ಹಂಗಾದರೆ ಇದು ಈ ಮನೆಯ ಕೋಳಿಗೆ ಹುಟ್ಟಿದ್ದಲ್ಲ, ಹುಡುಗ ಹೇಳಿದ ಲೆಕ್ಕ ನೂರಕ್ಕೆ ನೂರು ಖರೆ, ಅವನು ಕಟ್ಟಿದ ಪಂಥವೂ ಸೋಲಲಿಲ್ಲ, ನಮ್ಮ ಹುಡುಗ ಗೆದ್ದ ಎಂದು ಕುಣಿದರು.

"ಗೆದ್ದದ್ದು ಮೆಂಡಲ್ ಮಾಮೂ, ಇವರಲ್ಲ," ಎಂದಳು ಫಿರ್ದೋಸ್. ಈಗ ಅವಳು ನೆಲ ನೋಡುತ್ತಿರಲಿಲ್ಲ. "ಉಳಿದ ಮರಿ ಎಲ್ಲಾ ಹಸಿ ಅದಾವ, ಇದೊಂದು ಒಣಗೇತಿ. ಇದು ನಿನ್ನೆ ಹುಟ್ಟಿದ್ದು ಅಂತ ಕಣ್ಣಿಗೆ ಕಾಣತಿತ್ತು. ನಿಮ್ಮ ಪಾಠದ ಮ್ಯಾಲ ನಂಬಿಗಿ ಇದ್ದಿದ್ರ, ಇದು ಹೊರಗಿಂದು ಅಂತಿದ್ರಿ. ಇಲ್ಲಂದ್ರ, ನಾ ತಪ್ಪಿದೆ ಅಂತಿದ್ರಿ. ಯಾವುದಂದಿದ್ರೂ ನಾ ಒಪ್ಪತಿದ್ದೆ. ನೀವು ಕಿಸೇದಾಗ ಹಾಕ್ಕೊಂಡ್ರಿ."

ಆಸೀಮ ಮರಿಯನ್ನು ಕಿಸೆಯಿಂದ ಎತ್ತಿ ಜಂಬಮ್ಮನ ಕೈಗಿಟ್ಟ.

ಮರಿಯನ್ನು ಹಿಂದಕ್ಕೆ ಕೊಟ್ಟು ಮರ್ಯಾದೆಯಿಂದ ಹೊರಡೋಣವೆಂದರೆ ಅದೂ ಆಗಲಿಲ್ಲ. ಅತ್ತರು ಮೆತ್ತಿದ ಆ ಮರಿಯನ್ನು ಜಂಬಮ್ಮನ ಕೋಳಿ ಹತ್ತಿರ ಬಿಟ್ಟುಕೊಳ್ಳಲಿಲ್ಲ, ಕುಕ್ಕಿ ಕುಕ್ಕಿ ಓಡಿಸಿತು. ಮರಿಯೂ ತಿರುಗಿ ಓಡಿ ಬಂದು ಆಸೀಮನ ಪೈಜಾಮದ ಅಂಚು ಹಿಡಿದು ನಿಂತಿತು. ನೀನೇ ಒಯ್ದುಬಿಡಪ್ಪ, ಹೆಂಗೂ ನಿನ್ನ ಕಿಸೆ ಅದಕ್ಕೆ ರೂಢಿಯಾಗಿದೆ ಎಂದಳು ಜಂಬಮ್ಮ. ಬಾಗಿಲಲ್ಲಿ ನಿಂತ ಫಿರ್ದೋಸ್ ಒಂದು ಮುಷ್ಟಿ ನುಚ್ಚಕ್ಕಿ ಕಾಗದದಲ್ಲಿ ಕಟ್ಟಿಕೊಟ್ಟಳು. ಮರಿಗೆ.

ಮಾಮು ಹೇಳಿದಂತೆಯೇ ಸಂತೆಕಲ್ಲೂರಿನ ಆಟೋ ಹತ್ತಿದರು. ಸಿಂಧನೂರಿನ ಬಸ್ಸಿನಲ್ಲಿ ಆಸೀಮ ಒಬ್ಬನೇ ಕೂತ. ಹೊಟ್ಟೆಯಲ್ಲಿ ಬಗಾರಾ ಅನ್ನ, ಎದೆಯಲ್ಲಿ ಸಂಕಟ. ಮರಿ ಕಿಸೆಯಿಂದ ಇಳಿದು, ತೊಡೆಯ ಮೇಲೆ ನುಚ್ಚು ತಿಂದು, ಅವನ ಜುಬ್ಬಾದ ತೋಳಿನೊಳಗೆ ನುಗ್ಗಿ ಬೆಚ್ಚಗೆ ಮಲಗಿತು. ಪಕ್ಕದಲ್ಲಿ ಕೂತಿದ್ದ ಮುದುಕ ಇದನ್ನೆಲ್ಲ ಬಹಳ ಹೊತ್ತು ನೋಡಿದ.

"ಕುತ್ತಿಗಿ ಬೋಳೈತಲ್ಲಪಾ. ಇದರಪ್ಪ ಯಾವ ಹುಂಜ? ಇದರವ್ವ ಎಲ್ಲಿ?"

ಅಪ್ಪ, ಅವ್ವ ಎಂಬ ಎರಡು ಮಾತು ಕಿವಿಗೆ ಬಿದ್ದದ್ದೇ ಆಸೀಮ ಅಭ್ಯಾಸಬಲದಿಂದ ನೆಟ್ಟಗೆ ಕೂತ. ಜೋರಿನ ಗುಣ ನಾಲಿಗೆಯ ತುದಿಯ ತನಕ ಬಂತು. ಆಮೇಲೆ ತೋಳಿನೊಳಗಿನ ಮರಿಯನ್ನು ನೋಡಿ, ಎಲ್ಲವನ್ನೂ ನುಂಗಿಕೊಂಡ.

"ಅಪ್ಪನ ವಿಚಾರ ಗೊತ್ತಿಲ್ರಿ," ಎಂದ. "ಅವ್ವ ನಾನ."