ಹುತ್ತೂರಿನ ಆಲ್ಬಮ್ಮೂ ನನ್ನ ಹೊಸ ಡ್ರೈವೂ

ಮದುವೆ ಫೋಟೋ ತಿದ್ದುವವನು ನಗುವನ್ನು ಹುಡುಕಿಕೊಂಡು ಹೋಗಬೇಕಾಗಿಲ್ಲ. ಗಿರಾಕಿ ಬಂದು ಪಕ್ಕದ ಸ್ಟೂಲಿನ ಮೇಲೆ ಕೂತರೆ ಸಾಕು, ಏನಾದರೊಂದು ಆಗಿಯೇ ಆಗುತ್ತದೆ. ಕೋಲಾರದಲ್ಲಿ ಸ್ಟುಡಿಯೋ ಇಟ್ಟ ದಿನದಿಂದ ನೋಡುತ್ತಿದ್ದೇನೆ. ಆದರೆ ಹುತ್ತೂರಿನ ಒಂದು ಆಲ್ಬಮ್ಮು ನಗಿಸುವ ಮುಂಚೆ ನನ್ನ ಬೆವರಿಳಿಸಿತು.

ಜ್ವರ

ಹುತ್ತೂರಿನ ಆ ಮದುವೆಯ ಹೆಣ್ಣಿನ ಅಪ್ಪ ರೇಷ್ಮೆ ಬೆಳೆಗಾರರು. ಒಂದು ಸೋಮವಾರ ಮುಖ ಸಣ್ಣಗೆ ಮಾಡಿಕೊಂಡು ಬಂದರು. ಗಂಡಿನ ಸೋದರತ್ತೆ, ಶ್ರೀನಿವಾಸಪುರದವರು, ಗ್ರೂಪ್ ಫೋಟೋಗೆ ತನ್ನನ್ನು ಯಾರೂ ಕರೆಯಲಿಲ್ಲ ಎಂದು ಮುನಿಸಿಕೊಂಡು, ಮದುವೆ ದಿನದಿಂದ ಹೊಸ ಸೊಸೆಯ ಜೊತೆ ಮಾತೇ ಆಡಿಲ್ಲವಂತೆ.

"ಆ ಮನೇಲಿ ನನ್ನ ಮಗಳು ಬಾಳ್ಬೇಕು ಕಣಪ್ಪ. ಭಾನುವಾರ ಬೀಗರೆಲ್ಲ ನಮ್ಮನೆಗೆ ಊಟಕ್ಕೆ ಬರ್ತಾವ್ರೆ. ಅಷ್ಟ್ರೊಳಗೆ ಆಯಮ್ಮನ್ನ ಫೋಟೋದಲ್ಲಿ ನಿಲ್ಸು. ಏನ್ ಮಾಡ್ತೀಯೋ ಗೊತ್ತಿಲ್ಲ."

ಗ್ರೂಪ್ ಫೋಟೋ ತೆರೆಯಲು ಒತ್ತಿದೆ. ನನ್ನ ಹಳೇ ಹಾರ್ಡ್ ಡಿಸ್ಕ್ ಗರಗರ ಎಂದಿತು. ಪರದೆಯ ಮೇಲೆ ಚಕ್ರ ಸುತ್ತಿತು, ಸುತ್ತುತ್ತಲೇ ಇತ್ತು. ನಾನು ರೇಗಿ ಮೌಸನ್ನು ಕುಟ್ಟತೊಡಗಿದಾಗ ಅವರು ನನ್ನ ಕೈ ಹಿಡಿದುಕೊಂಡರು. ರೇಷ್ಮೆಹುಳ ಪೊರೆ ಬಿಡುವ ಮುಂಚೆ ಮೇವು ಬಿಟ್ಟು ಮಲಗುವುದಕ್ಕೆ ಅವರು ಜ್ವರ ಎನ್ನುತ್ತಾರೆ.

"ಮುಟ್ಬೇಡ. ಜ್ವರಕ್ಕೆ ಕೂತೈತೆ. ಈಗ ಅಲ್ಲಾಡಿಸಿದ್ರೆ ಬೆಳೆನೇ ಕೆಟ್ಟೋಗುತ್ತೆ."

ಆಮೇಲೆ ಅವರು ಪಿಸುಮಾತಿನಲ್ಲೇ ಮಾತಾಡಿದರು. ಪಾಸ್‌ಪೋರ್ಟ್ ಫೋಟೋಗೆಂದು ಬಂದ ಮೇಷ್ಟ್ರೊಬ್ಬರನ್ನು ಬಾಯಿಗೆ ಬೆರಳಿಟ್ಟು ಬಾಗಿಲಿಂದಲೇ ವಾಪಸ್ ಕಳಿಸಿದರು.

ಹಗುರದ ಮಾಲು

ಹಳೇ ಡಿಸ್ಕನ್ನು ನಂಬಿ ಕೂತರೆ ಆಗದೆಂದು ಮಾರನೇ ದಿನ ಹೊಸದು ತರಲು ಕಂಪ್ಯೂಟರ್ ಅಂಗಡಿಗೆ ಹೋದೆ. ಸಲಹೆಗೆ ನನ್ನ ಬಾಮೈದನೂ ಬಂದ. ಅವನು ಟೊಮೆಟೊ ಮಂಡಿಯಲ್ಲಿ ದಲ್ಲಾಳಿ. ಯಾವ ವಸ್ತುವನ್ನೂ ಕೈಯಲ್ಲಿ ತೂಗದೆ ನಂಬುವವನಲ್ಲ.

ಅಂಗಡಿಯವರು ಎರಡು ಇಟ್ಟರು. ಒಂದು ಇಟ್ಟಿಗೆಯಂತೆ ಭಾರದ ಹಾರ್ಡ್ ಡಿಸ್ಕ್, ಇನ್ನೊಂದು ಬಿಸ್ಕತ್ ಪೊಟ್ಟಣಕ್ಕಿಂತ ಹಗುರವಾದ ಎಸ್‌ಎಸ್‌ಡಿ. "ಹಗುರದ್ದು ತಗೊಳ್ಳಿ ಸಾರ್. ಒಳಗೆ ತಿರುಗೋ ತಟ್ಟೆ ಇಲ್ಲ, ಫೋಟೋ ತಕ್ಷಣ ತೆರೆಯುತ್ತೆ. ಹಳೇ ಫೋಟೋ ಕೂಡಿಡೋಕೆ ಮಾತ್ರ ಭಾರದ್ದು ಸಾಕು."

ಬಾಮೈದ ಎರಡನ್ನೂ ಎರಡು ಕೈಯಲ್ಲಿ ತೂಗಿದ. "ಬಾವ, ಇದ್ರಾಗೆ ಏನೂ ಇಲ್ಲ. ಮೇಲೆ ಕೆಂಪಗಿರೋ ಹಣ್ಣು ಜೋಡಿಸಿ ಕೆಳಗೆ ಕಾಯಿ ತುಂಬೋರನ್ನ ದಿನಾ ನೋಡ್ತೀನಿ. ಬಿಚ್ಚಿ ಸುರೀಲಿ, ನೋಡೋಣ."

"ಬಿಚ್ಚಿದ್ರೆ ವಾರಂಟಿ ಹೋಗುತ್ತೆ" ಎಂದರು ಅಂಗಡಿಯವರು.

ಬಾಮೈದ ಗೆದ್ದವನ ಹಾಗೆ ನನ್ನ ಕಡೆ ತಿರುಗಿದ. "ನೋಡಿದ್ರಾ? ಬಿಚ್ಚೋಕೇ ಭಯ!"

ಅವನ ಮಾತು ಮೀರಿ ಹಗುರದ್ದನ್ನೇ ಕೊಂಡೆ. ಮನೆ ತಲುಪುವವರೆಗೆ ಅವನು ನನ್ನನ್ನು ಮೋಸ ಹೋದ ರೈತನನ್ನು ನೋಡುವಂತೆ ನೋಡುತ್ತಿದ್ದ.

ಅಡುಗೆ ಕಟ್ಟೆ

ಹೊಸ ಡ್ರೈವ್ ಹಾಕಿದರೆ ಕಂಪ್ಯೂಟರಿಗೆ ಯೌವನ ಬಂತು. ನನಗೆ ದುರಾಸೆ ಬಂತು. ಹಳೇ ಮದುವೆಗಳೇನು ಪಾಪ ಮಾಡಿದ್ದವು ಎಂದು ಮುಳಬಾಗಿಲು, ಮಾಲೂರು, ಹೋಳೂರಿನ ಮದುವೆಗಳನ್ನೆಲ್ಲ ಅದಕ್ಕೇ ತುಂಬಿದೆ. ಬುಧವಾರ ಸಂಜೆ ಹುತ್ತೂರಿನ ಫೋಟೋ ತೆರೆದರೆ ಜಾಗವಿಲ್ಲ ಎಂದು ಕಂಪ್ಯೂಟರ್ ಕೈ ಎತ್ತಿತು. ಮಾರನೇ ದಿನವೇ ಆಲ್ಬಮ್ ಪ್ರಿಂಟಿಗೆ ಹೋಗಬೇಕು! ನಾನು ತಲೆ ಮೇಲೆ ಕೈ ಹೊತ್ತು ಕೂತೆ.

ಕಾಫಿ ತಂದ ಹೆಂಡತಿ ವಿಷಯ ಕೇಳಿ, "ಅಡುಗೆ ಕಟ್ಟೆ ಮೇಲೆ ವರ್ಷದ ರಾಗಿ ಮೂಟೆ ಪೇರಿಸಿದ್ರೆ ಮುದ್ದೆ ಎಲ್ಲಿ ಕಟ್ತೀರಿ? ಮೊದಲು ಅವನ್ನ ಒಳಗೆ ಸಾಗ್ಸಿ" ಎಂದಳು.

ಹಳೇ ಮದುವೆಗಳನ್ನು ಹಳೇ ಹಾರ್ಡ್ ಡಿಸ್ಕಿಗೇ ವಾಪಸ್ ಸಾಗಿಸಿದೆ. ಕೆಲಸ ಮತ್ತೆ ಓಡಿತು. ಕಂಪ್ಯೂಟರ್ ಆನ್ ಮಾಡಲು ಬಾರದವಳು ಅಂದಿನಿಂದ ನನ್ನನ್ನು "ನಮ್ಮ ಸ್ಟೂಡೆಂಟ್" ಎನ್ನುತ್ತಾಳೆ.

ಸೋದರತ್ತೆಯ ನೆನಪು

ಈಗ ಸೋದರತ್ತೆಯನ್ನು ಹುಡುಕಬೇಕಿತ್ತು. ಇಡೀ ಮದುವೆಯಲ್ಲಿ ಅವರು ಸಿಕ್ಕಿದ್ದು ಒಂದೇ ಫೋಟೋದಲ್ಲಿ, ಅದೂ ಊಟದ ಪಂಕ್ತಿಯಲ್ಲಿ. ಒಂದು ಕೆನ್ನೆ ಉಬ್ಬಿತ್ತು, ಬಲಗೈಯಲ್ಲಿ ಚಿತ್ರಾನ್ನದ ತುತ್ತಿತ್ತು. ಕೆನ್ನೆ ಇಳಿಸಿದೆ. ಕೂತವರಿಗೆ ಬೇರೊಬ್ಬರ ಸೀರೆಯ ನೆರಿಗೆ ತಂದು ಜೋಡಿಸಿ ನಿಲ್ಲಿಸಿದೆ. ತುತ್ತನ್ನು ಏನು ಮಾಡುವುದು? ಹಳದಿ ಅನ್ನ ಹೇಗೂ ಅಕ್ಷತೆಯಂತೆಯೇ ಕಾಣುತ್ತಿತ್ತು, ಕಡಲೇಬೀಜವೊಂದನ್ನು ಅಳಿಸಿದೆ. ಸೋದರತ್ತೆ ಹೊಸ ಸೊಸೆಯ ಪಕ್ಕದಲ್ಲಿ ಆಶೀರ್ವಾದಕ್ಕೆ ಕೈ ಎತ್ತಿ ನಿಂತರು.

ಭಾನುವಾರ ಆಲ್ಬಮ್ಮನ್ನು ನಾನೇ ಹುತ್ತೂರಿಗೆ ಒಯ್ದೆ. ಸೋದರತ್ತೆ ಪುಟ ತಿರುವುತ್ತ ಆ ಗ್ರೂಪ್ ಫೋಟೋಗೆ ಬಂದರು. ಕನ್ನಡಕ ತೆಗೆದು, ಒರೆಸಿ, ಮತ್ತೆ ಹಾಕಿಕೊಂಡರು. ಹೆಣ್ಣಿನ ಅಪ್ಪ ನನ್ನ ಮುಖ ನೋಡಿದರು, ನಾನು ಬಾಗಿಲು ನೋಡಿದೆ.

ಕೊನೆಗೆ ಅವರು ಹೊಸ ಸೊಸೆಯನ್ನು ಕೈ ಹಿಡಿದು ಪಕ್ಕದಲ್ಲಿ ಕೂರಿಸಿಕೊಂಡರು. ಹುಡುಗಿಯ ಕಣ್ಣು ತುಂಬಿತು. ಸೋದರತ್ತೆ ನನ್ನ ಕಡೆ ಬೆರಳು ತೋರಿಸಿ ಎಲ್ಲರಿಗೂ ಕೇಳುವಂತೆ ಹೇಳಿದರು:

"ಆವತ್ತು ಈ ಫೋಟೋದವನು ನನ್ನ ಬಿಟ್ರೆ ತಾನೇ! 'ಅಮ್ಮಾ, ಒಂಚೂರು ಹತ್ರ ಬನ್ನಿ, ಅಮ್ಮಾ, ಕೈ ಎತ್ತಿ' ಅಂತ ನಿಲ್ಸಿ ನಿಲ್ಸಿ ಕಾಲು ನೋಯಿಸ್ಬಿಟ್ಟ. ಅಯ್ಯೋ ದೇವುಡಾ, ಎಲೆ ಮೇಲಿದ್ದ ಚಿತ್ರಾನ್ನ ಆರೇ ಹೋಯ್ತು!"