ಅಮ್ಮಣ್ಣಿ ಅತ್ತೆಯ ತಿಜೋರಿ

ಸೇತುರಾಮನಿಗೆ ತಮಿಳು ಬರುತ್ತಿರಲಿಲ್ಲ. ಬರುವುದಿಲ್ಲವೆಂದು ಸುಮ್ಮನಿದ್ದಿದ್ದರೆ ಯಾವ ತೊಂದರೆಯೂ ಇರಲಿಲ್ಲ. ಆ ಬೆಳಿಗ್ಗೆ ಅವನಿಗೆ ಅದು ಅರ್ಥವಾಗಿಬಿಟ್ಟಿತು.

ಅವನ ಸೋದರತ್ತೆ ಅಮ್ಮಣ್ಣಿ ಹನುಮಂತನಗರದ ಬಾಡಿಗೆ ಮನೆ ಬಿಟ್ಟು, ಜಯನಗರದಲ್ಲಿ ಕಟ್ಟಿಸಿದ ಸ್ವಂತ ಮನೆಗೆ ಹೋಗುತ್ತಿದ್ದರು. ಸಾಮಾನೆಲ್ಲ ಹಿಂದಿನ ದಿನವೇ ಸಾಗಿತ್ತು. ಉಳಿದದ್ದು ಕಬ್ಬಿಣದ ತಿಜೋರಿ. ಎಮ್ಮೆಯ ಬಣ್ಣ, ಎಮ್ಮೆಯದೇ ಹಟ. ಅದರ ತುಂಬ ಚಿನ್ನವಿದೆಯೆಂದು ನೆಂಟರಿಷ್ಟರೆಲ್ಲ ನಂಬಿದ್ದರು. ಯಜಮಾನರು ತೀರಿಕೊಂಡಾಗಿನಿಂದ ಅದರ ಬೀಗದಕೈ ಅತ್ತೆಯ ಸೊಂಟ ಬಿಟ್ಟು ಇಳಿದಿರಲಿಲ್ಲ.

"ಸದ್ದಿಲ್ದೆ ತಂದು ಇಳಿಸ್ಬಿಡು. ಯಾರಿಗೂ ಸುಳಿವು ಸಿಗಬಾರ್ದು. ಹೊಸ ಮನೆ ಔಟ್‌ಹೌಸ್ ನಿಂಗೆ," ಎಂದಿದ್ದರು ಅತ್ತೆ.

ಮದುವೆಯಾಗಿ ಎರಡು ವರ್ಷವಾದರೂ ಮನೆ ಸಿಗದೆ ಹೆಂಡತಿ ಪಂಕಜಾ ತುಮಕೂರಿನ ತವರಿನಲ್ಲೇ ಇದ್ದಳು. ಔಟ್‌ಹೌಸ್ ಎಂದ ಕೂಡಲೇ ಸೇತುರಾಮ ಕಾಗದ ಬರೆದ. ಆ ಬೆಳಗಿನ ಬಸ್ಸಿಗೇ ಅವಳು ಟ್ರಂಕು ಸಮೇತ ಬಂದು ಜಯನಗರದಲ್ಲಿ ಅತ್ತೆಯ ಜೊತೆ ಕಾಯುತ್ತಿದ್ದಳು.

ನಾಲ್ವರು ಕೂಲಿಯವರು ಉಸಿರು ಬಿಗಿಹಿಡಿದು ತಿಜೋರಿಯನ್ನು ಎತ್ತಿನ ಗಾಡಿಗೆ ಏರಿಸಿದರು. ಹೊಸ ಮನೆಯನ್ನು ಮೊದಲೇ ನೋಡಿಬಂದಿದ್ದ ಮೇಸ್ತ್ರಿ ಬೆವರು ಒರೆಸಿಕೊಳ್ಳುತ್ತ, "ವಾಸಲ್ ಚಿನ್ನದು. ರೊಂಬ ಚಿನ್ನದು," ಎಂದ.

"ಅಪ್ಪೋ ಕೊಲ್ಲೈ ಪಕ್ಕಂ," ಎಂದ ಇನ್ನೊಬ್ಬ.

ಸೇತುರಾಮ ಗಾಡಿಯಿಂದ ಎರಡು ಹೆಜ್ಜೆ ಹಿಂದೆ ಸರಿದ. ಚಿನ್ನದು! ಕೊಲೆ! ಪಕ್ಕದ ಮನೆಯ ಗುಂಡಣ್ಣನವರು ಕಾಂಪೌಂಡಿನ ಮೇಲಿಂದ ಬಗ್ಗಿ ನೋಡುತ್ತಿದ್ದರು. ನಿವೃತ್ತರಾದ ಮೇಲೆ ಅವರಿಗೆ ಅದೇ ಉದ್ಯೋಗ.

"ಕೇಳಿಸ್ತಾ ಸಾರ್? ನಿಮಗೆ ತಮಿಳು ಬರತ್ತಾ?"

"ಬರದೇ ಏನು? ಸೇಲಂ ಮೇಲೆ ಮೂರು ಸಲ ರೈಲಲ್ಲಿ ಹೋಗಿದೀನಿ ಕಣಯ್ಯಾ. ಚಿನ್ನ ಅಂದ್ರು, ಕೊಲೆ ಅಂದ್ರು."

"ಪಕ್ಕಂ ಅಂದ್ರೆ?"

"ಪಕ್ಕಾ! ಎಲ್ಲಾ ಖಾತ್ರಿ ಮಾಡ್ಕೊಂಡಿದಾರೆ."

"ಕೊಲೆ... ಯಾರನ್ನ ಸಾರ್?"

"ಗಾಡಿ ಮೇಲೆ ಕೂತ್ಕೊಂಡು ಹೋಗೋರು ಯಾರು?"

ಗಾಡಿಯನ್ನು ಅಲ್ಲೇ ಬಿಟ್ಟು ಓಡೋಣವೆನಿಸಿತು. ಆದರೆ ಔಟ್‌ಹೌಸ್? ಪಂಕಜಾ? ಸೇತುರಾಮ ತಿಜೋರಿಯ ಮೇಲೇರಿ ಕೂತು, ಟವೆಲ್ಲಿನ ಒಂದು ತುದಿ ಸೊಂಟಕ್ಕೆ, ಇನ್ನೊಂದು ತುದಿ ತಿಜೋರಿಯ ಹಿಡಿಗೆ ಬಿಗಿದ. ಗುಂಡಣ್ಣನವರು ಕೊಡೆ ಹಿಡಿದು ಹೊರಟೇಬಿಟ್ಟರು. "ನಾನೂ ಬರ್ತೀನಪ್ಪ. ನಾಳೆ ಸಾಕ್ಷಿ ಹೇಳೋಕೆ ಒಬ್ರು ಬೇಕಲ್ಲ."

ಗಾಂಧಿಬಜಾರಿನಲ್ಲಿ ಗಾಡಿ ನಿಂತಿತು. ಮೇಸ್ತ್ರಿ ಒಂದು ಲೋಟ ಟೀ ತಂದು, "ಕುಡಿ ಸಾಮಿ," ಎಂದ. ಬೇಡವೆಂದು ಗುಂಡಣ್ಣನವರು ಕಣ್ಣಲ್ಲೇ ಹೇಳಿದರು. "ಮತ್ತು ಬರೋ ಔಷಧಿ ಬೆರೆಸಿರ್ತಾರೆ, ಕೊಡು ನೋಡೋಣ," ಎಂದು ತಾವೇ ಲೋಟ ಬರಿದು ಮಾಡಿ, ಬಾಯಿ ಒರೆಸಿಕೊಂಡು, "ಒಂದು ಲೋಟದಲ್ಲಿ ಗೊತ್ತಾಗಲ್ಲ," ಎಂದರು.

ಸೌತ್ ಎಂಡ್ ದಾಟುವಾಗ ಮೇಸ್ತ್ರಿ ಹಿಂತಿರುಗಿ ನೋಡಿ, ಜೊತೆಯವನಿಗೆ ಎರಡೂ ಕೈ ಅಗಲಿಸಿ ಅಳತೆ ತೋರಿಸಿದ. ಸೇತುರಾಮನಿಗೆ ಅದು ಗುಂಡಿಯ ಅಳತೆಯಂತೆ ಕಂಡಿತು. ತನಗೆ ಅಷ್ಟು ಅಗಲ ಬೇಕಾಗುವುದಿಲ್ಲ ಎಂದುಕೊಂಡ. ಗುಂಡಣ್ಣನವರನ್ನೂ ಸೇರಿಸಿದರೆ ಸರಿಹೋಗುತ್ತಿತ್ತು.

ಜಯನಗರ ಬಂತು. ಗೇಟಿನಲ್ಲಿ ಅತ್ತೆಯೂ ಪಂಕಜಾಳೂ ನಿಂತಿದ್ದರು. ಗಾಡಿ ಅವರ ಮುಂದೆಯೇ ಸಾಗಿ, ಹಿಂದಿನ ಓಣಿಗೆ ತಿರುಗಿತು.

"ಅಯ್ಯಯ್ಯೋ, ಹಿಡೀರಿ! ಚಿನ್ನ ಹೊಡ್ಕೊಂಡು ಹೋಗ್ತಿದಾರೆ! ಕೊಲೆ! ಕೊಲೆ!" ಸೇತುರಾಮ ಗಾಡಿಯಿಂದ ಧುಮುಕಿದ. ಟವೆಲ್ಲು ಧುಮುಕಲಿಲ್ಲ. ಮೊಳೆಗೆ ಸಿಕ್ಕಿಸಿದ ಸಂತೆಚೀಲದಂತೆ ಅವನು ತಿಜೋರಿಗೆ ಜೋತುಬಿದ್ದ.

ಬೀದಿಯೇ ಓಡಿಬಂತು. ಸೈಕಲ್ ತಳ್ಳಿಕೊಂಡು ಹೋಗುತ್ತಿದ್ದ ಪೇದೆ ತಿಮ್ಮರಾಯಪ್ಪನೂ ಬಂದ.

"ಅಯ್ಯೋ ಸಾಮಿ!" ಮೇಸ್ತ್ರಿ ತಲೆ ಚಚ್ಚಿಕೊಂಡ. "ವಾಸಲ್ ಅಂದ್ರೆ ಬಾಕ್ಲು. ಚಿನ್ನದು ಅಂದ್ರೆ ಸಣ್ಣದು. ಮುಂದ್ಗಡೆ ಬಾಕ್ಲು ಸಣ್ಣದು, ಕೊಲ್ಲೈ ಪಕ್ಕಂ ಅಂದ್ರೆ ಇತ್ತಲ ಬಾಕ್ಲ ಕಡೆ, ಅಲ್ಲಿಂದ ಓಗೋಣ ಅಂದ್ವಿ. ಈ ಪೆಟ್ಟಿ ಎತ್ತಿದ್ಮೇಲೆ ಕೊಲೆ ಮಾಡೋಕೆ ಕೈಯಾಗೆ ಬಲ ಎಲ್ಲೈತೆ?"

ಎಲ್ಲರೂ ನಕ್ಕರು. "ನಂಗೆ ಆಗ್ಲೇ ಅನುಮಾನ ಇತ್ತು," ಎಂದರು ಗುಂಡಣ್ಣನವರು.

ತಿಮ್ಮರಾಯಪ್ಪ ಮಾತ್ರ ನಗಲಿಲ್ಲ. ಅದು ಲೆಕ್ಕ ಕೊಡದೆ ಚಿನ್ನದ ಗಟ್ಟಿ ಇಟ್ಟುಕೊಳ್ಳಬಾರದೆಂದು ಸರ್ಕಾರ ಹೊಸ ಕಾನೂನು ತಂದಿದ್ದ ವರ್ಷ. "ಕೊಲೆ ಇರ್ಲಿ. ಚಿನ್ನ ಅಂತ ಕೂಗಿದ್ರಲ್ಲ, ಗಟ್ಟಿ ಏನಾದ್ರೂ ಇದ್ಯಾ? ತೆಗೀರಮ್ಮ ಬೀಗ."

ಅತ್ತೆಯ ಮುಖ ಬಿಳಿಚಿತು. ಟವೆಲ್ಲು ಬಿಡಿಸುವ ನೆಪದಲ್ಲಿ ಸೇತುರಾಮನ ಕಿವಿಯ ಹತ್ತಿರ ಬಗ್ಗಿದರು.

"ಒಳಗೆ ಒಂದು ಗುಂಜಿನೂ ಇಲ್ಲ ಕಣೋ. ನಿಮ್ಮ ಮಾವ ಇರೋವಾಗ್ಲೇ ಎಲ್ಲಾ ಮಾರಿದ್ರು, ಅದ್ರಲ್ಲೇ ಈ ಸೈಟು, ಈ ಮನೆ. ಗೊತ್ತಾದ್ರೆ ನೆಂಟರು ನನ್ನ ಯಾಕೆ ಮಾತಾಡಿಸ್ತಾರೆ? ಬಾಯಿ ಬಿಡಲ್ಲ ಅಂತ ಆಣೆ ಮಾಡು!"

"ನಿಮ್ಮಾಣೆ ಅತ್ತೆ, ಬಿಡಲ್ಲ," ಎಂದ ಸೇತುರಾಮ. ಅವನಿಗೆ ನಿಜವಾಗಿ ಕನಿಕರವಾಗಿತ್ತು.

ಅತ್ತೆ ಬೀಗ ತೆಗೆದರು. ಒಳಗೆ ಒಂದು ಹಳೆಯ ವರ್ತಮಾನ ಪತ್ರಿಕೆ ಹಾಸಿತ್ತು, ಅಷ್ಟೆ. ತಿಮ್ಮರಾಯಪ್ಪ ಅದನ್ನೂ ಎತ್ತಿ ನೋಡಿ, ಕೈ ಕೊಡವಿಕೊಂಡು ಸೈಕಲ್ ಹತ್ತಿ ಹೋದ.

ಸೇತುರಾಮ ಉಸಿರು ಬಿಡುವಷ್ಟರಲ್ಲಿ ಗುಂಡಣ್ಣನವರು ತಿಜೋರಿಯೊಳಗೆ ತಲೆ ತೂರಿಸಿ ಕೇಳಿದರು: "ಅಲ್ಲ ಅಮ್ಮಣ್ಣಿಯಮ್ಮ, ಹಾಗಾದ್ರೆ ನಿಮ್ಮ ಚಿನ್ನ ಎಲ್ಲಿ?"

ಬೀದಿಯೆಲ್ಲ ತಿಜೋರಿಯ ಕಡೆ ಬಗ್ಗಿತು. ಅತ್ತೆ ತಿಜೋರಿ ನೋಡಿದರು, ಹೊಸ ನೆರೆಹೊರೆಯವರನ್ನು ನೋಡಿದರು. ಆಮೇಲೆ ಸೆರಗು ಕಣ್ಣಿಗೆ ಒತ್ತಿಕೊಂಡರು.

"ನಿನ್ನೆ ಬೀಗ ಹಾಕೋವಾಗ ತುಂಬಿತ್ತು ಗುಂಡಣ್ಣ. ಪೊಲೀಸಿನೋನ ಎದುರಿಗೆ ಹೇಗೆ ಹೇಳ್ಲಿ? ಕಳ್ಳ ಬೀಗದಕೈ ಯಾರು ಬೇಕಾದ್ರೂ ಮಾಡಿಸ್ಬಹುದು. ಅದರ ಜೊತೆ ಬಂದೋನು ಇವನೇ ತಾನೆ?"

"ಜೊತೆಗೆ ಏನು, ಅದರ ಮೇಲೇ ಕೂತಿದ್ದ! ಟವೆಲ್ಲು ಬೇರೆ ಕಟ್ಕೊಂಡಿದ್ದ!" ಗುಂಡಣ್ಣನವರ ಸಾಕ್ಷಿ ಕೊನೆಗೂ ಕೆಲಸಕ್ಕೆ ಬಂತು. "ಟೀ ಕೊಟ್ರೂ ಇಳೀಲಿಲ್ಲ ಅಂತೀನಿ!"

ಸೇತುರಾಮ ಬಾಯಿ ತೆರೆದ. ಆಣೆ ನೆನಪಾಯಿತು. ಮುಚ್ಚಿದ.

"ಇಂಥೋನಿಗೆ ಔಟ್‌ಹೌಸ್ ಕೊಡೋಕೆ ಹೊರಟಿದ್ನಲ್ಲ!" ಎಂದರು ಅತ್ತೆ, ಅವನ ಮುಖ ನೋಡದೆ.

ಟ್ರಂಕು ಹೊತ್ತು ಸೇತುರಾಮ ಬಸ್‌ಸ್ಟಾಪಿನ ಕಡೆ ನಡೆದ. ಪಂಕಜಾ ಹಿಂದೆಯೇ ಬಂದಳು. ತಿರುಗಿ ತುಮಕೂರಿಗೆ ಹೋಗೆಂದು ಅವಳಿಗೆ ಹೇಗೆ ಹೇಳುವುದು? ಸ್ಟಾಪಿನಲ್ಲಿ ಯಾರೂ ಇರಲಿಲ್ಲ. ಅವಳು ಆ ಕಡೆ ಈ ಕಡೆ ನೋಡಿ, ಹತ್ತಿರ ಸರಿದು, ಮದುವೆಯಾದಾಗಿನಿಂದ ಅವನು ಕೇಳಿರದಷ್ಟು ಮೆತ್ತಗೆ ಕೇಳಿದಳು:

"ರೀ, ನನ್ನ ಹತ್ರ ಆದ್ರೂ ಹೇಳಿ. ಎಲ್ಲಿಟ್ಟಿದೀರಿ?"